ಟ್ಯಾಕೋಗ್ರಾಫ್ 45 ನಿಮಿಷದ ವಿರಾಮವನ್ನು ಎಣಿಸದಿದ್ದಾಗ

ಜರ್ಮನಿ–ಪೋಲೆಂಡ್ ಮಾರ್ಗದಲ್ಲಿ ಲಾರಿ ಓಡಿಸುವಾಗ ಎದುರಾದ ತೊಂದರೆ ಇದು. ಮುಕ್ಕಾಲು ಗಂಟೆ ನಿಂತು ಹೊರಟರೂ ಡಿಜಿಟಲ್ ಟ್ಯಾಕೋಗ್ರಾಫ್‌ನ, ಅಂದರೆ ಚಾಲನೆ ಮತ್ತು ವಿರಾಮದ ಹೊತ್ತನ್ನು ದಾಖಲಿಸುವ ಯಂತ್ರದ, ಚಾಲನಾ ಸಮಯ ಸೊನ್ನೆಗೆ ಮರಳುತ್ತಿರಲಿಲ್ಲ. ನಾಲ್ಕೂವರೆ ಗಂಟೆ ಓಡಿಸಿದ್ದಾಯಿತು, ವಿರಾಮ ಬೇಕು ಎಂಬ ಎಚ್ಚರಿಕೆ ಬರುತ್ತಲೇ ಇತ್ತು.

ಯಂತ್ರದೊಳಗಿನ ಚಾಲಕನ ಕಾರ್ಡ್ ತೆಗೆದು ಒರೆಸಿ ಹಾಕಿದ್ದು, ಎಂಜಿನ್ ಆರಿಸಿ ಸುಮ್ಮನೆ ಕುಳಿತದ್ದು, ವಿರಾಮವನ್ನು 30 ಮತ್ತು 15 ನಿಮಿಷವಾಗಿ ಒಡೆದದ್ದು, ಯಾವುದೂ ಫಲಿಸಲಿಲ್ಲ. ಚಾಲನಾ ಸಮಯದ ಬಗೆಗಿನ ಯುರೋಪಿನ 561/2006 ನಿಯಮದಂತೆ ಒಡೆಯುವುದಾದರೆ ಮೊದಲು 15, ಆಮೇಲೆ 30; ನಾನು ಒಡೆದದ್ದು ತಿರುವುಮುರುವಾಗಿತ್ತು.

ದಿನದ ಮುದ್ರಿತ ಚೀಟಿ ತೆಗೆದಾಗ ಕಾರಣ ಸಿಕ್ಕಿತು. ನಿಂತ ಹೊತ್ತಿನ ಎದುರು ವಿರಾಮ ಸೂಚಿಸುವ ಹಾಸಿಗೆಯ ಬದಲು, ಒಂದರ ಮೇಲೊಂದು ಅಡ್ಡವಾಗಿಟ್ಟ ಎರಡು ಸುತ್ತಿಗೆಗಳ ಚಿಹ್ನೆ. ಗಾಲಿ ನಿಂತೊಡನೆ ಯಂತ್ರ ತಾನಾಗಿಯೇ ‘ಇತರ ಕೆಲಸ’ ಎಂದು ಬರೆದುಕೊಳ್ಳುತ್ತದೆ. ಚಾಲಕ ನಿದ್ರಿಸುತ್ತಿದ್ದಾನೋ ಸರಕು ಇಳಿಸುತ್ತಿದ್ದಾನೋ ಅದಕ್ಕೆ ತಿಳಿಯದು.

ಕೆಲಸ ಮಾಡಿದ ಕ್ರಮ: ಲಾರಿ ನಿಲ್ಲಿಸಿ, ಕೀ ಆರಿಸುವ ಮೊದಲೇ 1ನೇ ಚಾಲಕನ ಗುಂಡಿಯನ್ನು ಹಾಸಿಗೆಯ ಚಿಹ್ನೆ ಬರುವವರೆಗೆ ಬಿಟ್ಟುಬಿಟ್ಟು ಒತ್ತಬೇಕು. ಹಿಡಿದೇ ಇದ್ದರೆ ಕಾರ್ಡ್ ಹೊರಬರುವ ಕ್ರಿಯೆ ಶುರುವಾಗುತ್ತದೆ. ಕೀ ಆರಿಸಿದ ಮೇಲೆ ಪರದೆಯನ್ನು ಮತ್ತೊಮ್ಮೆ ನೋಡಬೇಕು. ಕೆಲವು ಯಂತ್ರಗಳಲ್ಲಿ ಕೀ ಆರಿದಾಗ ಚಿಹ್ನೆ ಬದಲಾಗುವ ಹೊಂದಾಣಿಕೆ ಇರುತ್ತದೆ. ನಡುವೆ ಜಾಗ ಬದಲಿಸಲು ಲಾರಿ ಸರಿಸಿದರೆ ವಿರಾಮ ತುಂಡಾಗಬಹುದು. ಕೈಗಡಿಯಾರ ಬೇಡ, ಪರದೆಯ ಎಣಿಕೆಯೇ ಲೆಕ್ಕ. ನಾನು 47 ತೋರಿಸುವವರೆಗೆ ಹೊರಡುವುದಿಲ್ಲ.