ಜ್ವರದ ಪಕ್ಕದಲ್ಲಿ ನಾಡಿಯನ್ನೂ ಬರೆದಿಡಿ

ಹೊಸ ಬಿಳಿಜೋಳ ಮನೆಗೆ ಬರುವ ಮೊದಲು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆ ಕಾಳಿನ ಕೋಣೆಯ ಕಸ ಹೊಡೆಯುತ್ತಾರೆ. ಹಳೆ ಚೀಲ ಎತ್ತಿದರೆ ಅಡಿಯಲ್ಲಿ ಇಲಿ ಹಿಕ್ಕೆ, ಕಸಬರಿಗೆ ಆಡಿಸಿದರೆ ಕೋಣೆ ತುಂಬ ದೂಳು. ಇಲಿಗಳಿಂದ ಮನುಷ್ಯರಿಗೆ ತಗುಲುವ ಹಂಟಾವೈರಸ್ ಹೆಚ್ಚಾಗಿ ಮೈ ಸೇರುವುದು ಇಂಥ ದೂಳಿನಿಂದಲೇ. ಸೋಂಕಿರುವ ಇಲಿಯ ಮೂತ್ರ, ಹಿಕ್ಕೆ, ಜೊಲ್ಲು ಒಣಗಿ ಉಸಿರಿನೊಂದಿಗೆ ಒಳಹೋಗುತ್ತವೆ. ಇಲಿಯಿಂದ ಬಂದ ಜ್ವರ ಎಂದಾಗ ನಮ್ಮ ವೈದ್ಯರು ಮೊದಲು ಲೆಪ್ಟೊಸ್ಪೈರೋಸಿಸ್ (ಬ್ಯಾಕ್ಟೀರಿಯಾದಿಂದ ಬರುವ ಇಲಿಜ್ವರ) ನೆನೆಯುತ್ತಾರೆ, ಅದು ಸರಿಯೇ. ಹಂಟಾ ಇಲ್ಲಿ ಅಪರೂಪಕ್ಕೆ ಪತ್ತೆಯಾಗುವ ಸೋಂಕು. ಯಾವುದೇ ಆದರೂ ಮನೆಯವರು ಮಾಡಬೇಕಾದ ಕೆಲಸ ಒಂದೇ: ಜ್ವರದ ಜೊತೆ ನಾಡಿಯನ್ನೂ ಬರೆದಿಡುವುದು.

ಸೋಂಕು ತಗುಲಿ ಒಂದರಿಂದ ಎಂಟು ವಾರಗಳ ಒಳಗೆ ಜ್ವರ ಕಾಣಿಸಬಹುದು. ಆದ್ದರಿಂದ ಕೋಣೆಯ ಕಸ ಹೊಡೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜ್ವರ ಬಂದರೆ ಥರ್ಮಾಮೀಟರ್ ಇಟ್ಟಾಗಲೆಲ್ಲ ನಾಡಿಯನ್ನೂ ಎಣಿಸಿ. ರೋಗಿ ಐದು ನಿಮಿಷ ಸುಮ್ಮನೆ ಕೂತಿರಲಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ನಿಮ್ಮ ತೋರುಬೆರಳು, ನಡುಬೆರಳು ಇಡಿ. ನಿಮ್ಮ ಹೆಬ್ಬೆರಳು ಬೇಡ, ಅದರ ಬಡಿತವೇ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಪೂರಾ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಡುನಡುವೆ ತಪ್ಪುವ ಬಡಿತ ಗೊತ್ತಾಗುವುದಿಲ್ಲ. ಕೊರೊನಾ ಕಾಲದ ಆಕ್ಸಿಮೀಟರ್ ಇದ್ದರೆ ಅದರ ಎರಡನೇ ಅಂಕಿಯೂ ನಾಡಿಯದೇ.

ಇನ್ನು ಓದುವುದು ಹೇಗೆ? ಜ್ವರ ಏರಿದರೆ ನಾಡಿಯೂ ಏರಬೇಕು. ದಿನಾ 72 ಇರುವವರಿಗೆ 102 ಡಿಗ್ರಿ ಜ್ವರದಲ್ಲಿ ಸಾಮಾನ್ಯವಾಗಿ 90 ದಾಟುತ್ತದೆ. ಮೂತ್ರಪಿಂಡಕ್ಕೆ ಬಡಿಯುವ ಬಗೆಯ ಹಂಟಾದಲ್ಲಿ ಕೆಲವರ ನಾಡಿ ಜ್ವರಕ್ಕೆ ತಕ್ಕಂತೆ ಏರದು, ಇಳಿಯಲೂಬಹುದು. ಹೃದಯದ ಬಡಿತವನ್ನು ಗೆರೆಯಾಗಿ ಬರೆಯುವ ಇಸಿಜಿಯಲ್ಲಿ, ಪ್ರತಿ ಬಡಿತದ ಕೊನೆಗೆ ಬರುವ ಟಿ ಅಲೆ ತಲೆಕೆಳಗಾಗಿದ್ದೂ ಕಂಡುಬಂದಿದೆ. ಬಹುಪಾಲು ಇವು ರೋಗ ಇಳಿದಂತೆ ಸರಿಹೋಗುತ್ತವೆ. ಅಮೆರಿಕ ಖಂಡಗಳಲ್ಲಿ ಕಾಣುವ, ಶ್ವಾಸಕೋಶಕ್ಕೆ ನೀರು ತುಂಬಿಸುವ ಬಗೆ ಬೇರೆ: ಹೃದಯದ ಸ್ನಾಯು ಸೋತು, ರಕ್ತದೊತ್ತಡ ಕುಸಿದು, ಬಡಿತ ಓಡುತ್ತದೆ.

ನಾಡಿ ನಿಧಾನ ಎಂದಮಾತ್ರಕ್ಕೆ ಹಂಟಾ ಅಲ್ಲ. ಟೈಫಾಯ್ಡ್, ಡೆಂಗಿಯಲ್ಲೂ ಹೀಗಾಗುತ್ತದೆ. ಬಿಪಿಗೆ ನುಂಗುವ ಕೆಲವು ಗುಳಿಗೆಗಳೂ ನಾಡಿ ಇಳಿಸುತ್ತವೆ, ಆ ಚೀಟಿಯನ್ನೂ ಒಯ್ಯಿರಿ.

ಮೂತ್ರ ಎಷ್ಟು ಸಲ ಆಯಿತು ಎಂದೂ ಬರೆಯಿರಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಹೇಳಿಕೊಳ್ಳಲು ಹಿರಿಯರು ನಾಚುತ್ತಾರೆ. ಮೂತ್ರಪಿಂಡ ಸೋತರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯದ ಲಯವೇ ಕೆಡುತ್ತದೆ. ಅದಕ್ಕೇ ದವಾಖಾನೆಯಲ್ಲಿ ಇಸಿಜಿ ಜೊತೆ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ಏರುವ ಕಸ), ಪೊಟ್ಯಾಶಿಯಂ ನೋಡುತ್ತಾರೆ. ಮೈಕೈ ನೋವೆಂದು ಅಂಗಡಿಯಿಂದ ನೋವಿನ ಗುಳಿಗೆ ತರಬೇಡಿ. ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತವೆ.

ಏದುಸಿರು, ತಲೆಸುತ್ತಿ ಬೀಳುವುದು, ಮೂತ್ರ ನಿಲ್ಲುವುದು, ಬಡಿತ ತಪ್ಪುವುದು, ಕೂತಲ್ಲೇ ನಾಡಿ 120 ಮೀರುವುದು ಅಥವಾ 50ಕ್ಕಿಂತ ಇಳಿದು ಮಂಕಾಗುವುದು, ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಬರೆದ ಹಾಳೆಯನ್ನು ವೈದ್ಯರ ಕೈಗೆ ಕೊಟ್ಟು, "ಇಲಿ ಇದ್ದ ಕೋಣಿ ಬಳದಿದ್ವಿರಿ" ಎಂದು ಮೊದಲೇ ಹೇಳಿ.

ಮುಂದಿನ ಸಲ ಕೋಣೆಯ ಬಾಗಿಲು, ಕಿಟಕಿ ಅರ್ಧ ಗಂಟೆ ತೆರೆದಿಟ್ಟು ಹೊರಗಿರಿ. ಮಾಸ್ಕ್, ಕೈಗವಸು ಹಾಕಿ, ಒಂದು ಪಾಲು ದ್ರವ ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆಯ ಮೇಲೆ ಚಿಮುಕಿಸಿ. ಐದು ನಿಮಿಷ ನೆನೆದ ಮೇಲೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕಸಬರಿಗೆ ಕೊನೆಗೆ.