ಅಣುಸ್ಥಾವರದಲ್ಲಿ ಲೀಕ್ ಅಂತ ಸುದ್ದಿ ಬಂದ್ರೆ ಮನೇಲಿ ಏನ್ ಮಾಡ್ಬೇಕು

ಕೈಗಾ ಸುತ್ತಮುತ್ತ ಇರೋರು, ಅಲ್ಲಿ ನೆಂಟ್ರು ಇರೋರು ಇದನ್ನ ಒಂದ್ಸಲ ಪೂರ್ತಿ ಓದ್ಬಿಡಿ. ಲೀಕ್ ಅಂದ ತಕ್ಷಣ ಎಲ್ರಿಗೂ ಗಾಡಿ ಹತ್ಕೊಂಡು ಓಡೋಣ ಅನ್ಸುತ್ತೆ, ಆದ್ರೆ ಹೊರಡಿ ಅಂತ ಅಧಿಕಾರಿಗಳು ಹೇಳೋ ತನಕ ಒಳಗೇ ಇರಿ, ಕಿಟಕಿ ಬಾಗಿಲು ಹಾಕಿ, ಎಸಿ, ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ, ನಡುಮನೇಲಿ ಕೂತು ರೇಡಿಯೋ ಕೇಳ್ತಿರಿ. ಹಂಚಿನ ಮನೇಲಿ ಗಾಳಿ ಸಂದೀಲಿ ಬಂದೇ ಬರುತ್ತೆ, ಪಕ್ಕದಲ್ಲೇ ಆರ್‌ಸಿಸಿ ಮನೆ ಇದ್ರೆ ಅಲ್ಲಿಗೆ ಹೋಗಿ.

ಹೊರಗಿಂದ ಬಂದೋರು ಬಾಗಿಲ ಹತ್ರಾನೇ ಮೇಲಿನ ಬಟ್ಟೆ, ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ ದೂರ ಇಡಿ, ಮೈಗೆ ಅಂಟಿದ ವಿಕಿರಣದ ಧೂಳಲ್ಲಿ ಹೆಚ್ಚಿನ ಪಾಲು ಬಟ್ಟೆ ಜೊತೇಲೇ ಹೋಗುತ್ತೆ. ಸೋಪು ಹಚ್ಚಿ ಸ್ನಾನ ಮಾಡಿ, ಚರ್ಮ ಕಿತ್ತೋಗೋ ಹಾಗೆ ಉಜ್ಜಬೇಡಿ. ತಲೆಗೆ ಶಾಂಪೂ ಸಾಕು, ಕಂಡೀಷನರ್ ಬೇಡ, ಅದು ಧೂಳನ್ನ ಕೂದಲಿಗೇ ಅಂಟಿಸಿಬಿಡುತ್ತೆ.

ಇನ್ನು ಹಾಲಿನ ವಿಷ್ಯ, ಇದನ್ನ ಮಾತ್ರ ದಯವಿಟ್ಟು ಮರೀಬೇಡಿ. 1986ರ ಏಪ್ರಿಲ್ 26ಕ್ಕೆ ಉಕ್ರೇನ್‌ನ ಚೆರ್ನೋಬಿಲ್ ಅಣುಸ್ಥಾವರದ ರಿಯಾಕ್ಟರ್ ಸಿಡೀತು, ಪಕ್ಕದ ಪ್ರಿಪ್ಯಾಟ್ ಊರಿನ ಜನಕ್ಕೆ ಹೇಳಿದ್ದು ಮಾರನೇ ದಿನ, ಅಲ್ಲಿ ತನಕ ಮಕ್ಕಳು ಬೀದೀಲಿ ಆಡ್ತಿದ್ವು. ಗಾಳೀಲಿ ಬಂದ ಅಯೋಡಿನ್-131 ಅನ್ನೋ ವಿಕಿರಣ ಸೂಸೋ ಅಯೋಡಿನ್ ಹುಲ್ಲಿನ ಮೇಲೆ ಬಿತ್ತು, ಆ ಹುಲ್ಲು ಮೇದ ಹಸುವಿನ ಹಾಲನ್ನ ಉಕ್ರೇನ್, ಬೆಲಾರಸ್, ರಷ್ಯಾದ ಮಕ್ಕಳು ವಾರಗಟ್ಟಲೆ ಕುಡಿದ್ರು, ಅದು ಹೋಗಿ ಥೈರಾಯ್ಡ್‌ನಲ್ಲಿ ಕೂತ್ಕೊಳ್ತು, ಮುಂದೆ ಸಾವಿರಾರು ಜನಕ್ಕೆ ಥೈರಾಯ್ಡ್ ಕ್ಯಾನ್ಸರ್ ಬಂತು. ಆ ಹಾಲು ನಿಲ್ಲಿಸಿದ್ರೆ ಎಷ್ಟೋ ಮಕ್ಕಳು ಈ ಕಾಯಿಲೆಯಿಂದ ತಪ್ಪಿಸ್ಕೊಳ್ತಿದ್ವು ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಅದಕ್ಕೇ ಹಸುನ ಕೊಟ್ಟಿಗೇಲೇ ಕಟ್ಟಿ, ಒಳಗಿಟ್ಟ ಒಣಹುಲ್ಲು ಹಾಕಿ, ಬಾವಿ ಮುಚ್ಚಿ, ಮಕ್ಕಳಿಗೆ ಹಾಲಿನ ಪುಡಿ ಕೊಡಿ, ಹಿತ್ತಲ ಸೊಪ್ಪು ಕೀಳಬೇಡಿ. ಅಯೋಡಿನ್-131 ಪ್ರತಿ 8 ದಿನಕ್ಕೆ ಅರ್ಧ ಆಗ್ತಾ ಹೋಗುತ್ತೆ, ಅಂದ್ರೆ ಕೆಲವು ವಾರ ತಡ್ಕೊಳ್ಬೇಕು.

ಅಯೋಡಿನ್ ಮಾತ್ರೆ (ಇದರಲ್ಲಿರೋದು ವಿಕಿರಣ ಇಲ್ಲದ ಅಯೋಡಿನ್) ಅಧಿಕಾರಿಗಳು ಹೇಳಿದಾಗ ಮಾತ್ರ ನುಂಗಿ, ಅದು ಕಾಯೋದು ಥೈರಾಯ್ಡ್ ಒಂದನ್ನೇ. ಚೆರ್ನೋಬಿಲ್ ಟೈಮಲ್ಲಿ ಪೋಲೆಂಡ್‌ನವರು ಬೇಗ ಎದ್ದು ಸುಮಾರು 1 ಕೋಟಿ ಮಕ್ಕಳಿಗೆ ಅಯೋಡಿನ್ ಕುಡಿಸಿದ್ರು. ಗಾಯಕ್ಕೆ ಹಚ್ಚೋ ಟಿಂಚರ್ ಮಾತ್ರ ಯಾವತ್ತೂ ಕುಡೀಬೇಡಿ, ಅಯೋಡಿನ್ ಉಪ್ಪು ಜಾಸ್ತಿ ತಿಂದ್ರೂ ಪ್ರಯೋಜನ ಇಲ್ಲ.

ಊರು ಖಾಲಿ ಮಾಡಿ ಅಂದಾಗ ವಯಸ್ಸಾದೋರ ಬಗ್ಗೆ ಮೊದ್ಲು ಯೋಚ್ನೆ ಮಾಡಿ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತ ಆದಾಗ ಹಾಸಿಗೆ ಹಿಡಿದಿದ್ದ ರೋಗಿಗಳನ್ನ ಅವಸರದಲ್ಲಿ ಬಸ್ಸಿಗೆ ಹತ್ತಿಸಿ ಗಂಟೆಗಟ್ಟಲೆ ಸುತ್ತಾಡಿಸಿದ್ರು, ಅದರಲ್ಲೇ ಹತ್ತಾರು ಜನ ಹೋಗ್ಬಿಟ್ರು. ಹಾಗಾಗಿ ಅಜ್ಜಿಯ ಬಿಪಿ, ಶುಗರ್ ಮಾತ್ರೆ, ಡಾಕ್ಟರ್ ಚೀಟಿ, ಎರಡು ಬಾಟ್ಲಿ ನೀರು ಇವತ್ತೇ ಒಂದು ಬ್ಯಾಗಿಗೆ ಹಾಕಿಡಿ.