ಮಕ್ಕಳ ನಡಿಗೆ, ಶಕ್ತಿವ್ಯಯ: ಸೊಂಟದ ಯಂತ್ರದಿಂದ ನಾವು ಅಳೆಯುವ ಬಗೆ

11ರಿಂದ 15 ವರ್ಷದ ಶಾಲಾಮಕ್ಕಳಿಗೆ ನಾವು ಬಳಸುವುದು ಆಕ್ಟಿಗ್ರಾಫ್ ಜಿಟಿ3ಎಕ್ಸ್ ಪ್ಲಸ್ ಎಂಬ, ಮೈಯ ಚಲನೆ ದಾಖಲಿಸುವ ಯಂತ್ರ. ತೂಕ 19 ಗ್ರಾಂ, ಗಾತ್ರ ಬೆಂಕಿಪೊಟ್ಟಣದಷ್ಟು. ಎಲಾಸ್ಟಿಕ್ ಬೆಲ್ಟಿಗೆ ಪೋಣಿಸಿ, ಬಲಗಡೆ ಸೊಂಟದ ಮೂಳೆಯ ಮೇಲೆ, ಕಂಕುಳಿನಿಂದ ನೇರ ಕೆಳಗಿಳಿಯುವ ಗೆರೆಯಲ್ಲಿ ಕಟ್ಟುತ್ತೇವೆ. ಬೆಲ್ಟು ಸಡಿಲವಾದರೆ ಯಂತ್ರ ತಾನೇ ಅಲ್ಲಾಡಿ ಇಲ್ಲದ ಚಲನೆ ದಾಖಲಾಗುತ್ತದೆ. ಚೂಡಿದಾರದ ಒಳಗೆ ಕಟ್ಟಿಕೊಂಡರೂ ಅಳತೆ ಕೆಡುವುದಿಲ್ಲ. ಹೆಣ್ಣುಮಕ್ಕಳಿಗೆ ಇದನ್ನು ಮೊದಲೇ ಹೇಳಲೇಬೇಕು. ಇಲ್ಲದಿದ್ದರೆ ನಾಚಿಕೊಂಡು ಬಿಚ್ಚಿ ಬ್ಯಾಗಿನೊಳಗೆ ಇಟ್ಟುಬಿಡುತ್ತಾರೆ. ದಾಖಲಿಸುವ ವೇಗ 30 ಹರ್ಟ್ಸ್, ಅಂದರೆ ಸೆಕೆಂಡಿಗೆ 30 ಸಲ.

ಯಂತ್ರ ಚಲನೆಯನ್ನು 'ಕೌಂಟು' ಎಂಬ ಅಂಕಿಯಾಗಿ ಕೊಡುತ್ತದೆ, ಚಲನೆ ಹೆಚ್ಚಿದಷ್ಟೂ ಕೌಂಟು ಹೆಚ್ಚು. ಲೆಕ್ಕ ಹೆಚ್ಚಾಗಿ ತಪ್ಪುವುದು ಎಪಾಕ್, ಅಂದರೆ ಕೌಂಟುಗಳನ್ನು ಒಟ್ಟುಗೂಡಿಸುವ ಅವಧಿಯಲ್ಲಿ. ಖೊಖೊ ಆಟದಲ್ಲಿ ಹುಡುಗಿ 15 ಸೆಕೆಂಡು ಅಟ್ಟಿಸಿಕೊಂಡು ಓಡಿ, 45 ಸೆಕೆಂಡು ಕುಕ್ಕರಗಾಲಲ್ಲಿ ಕೂರುತ್ತಾಳೆ ಎನ್ನಿ. ಓಟದ 15 ಸೆಕೆಂಡಿಗೆ 1200 ಕೌಂಟು, ಉಳಿದ ಮೂರು ಭಾಗಕ್ಕೆ ತಲಾ 20. ಮಕ್ಕಳ ಚಲನೆಯನ್ನು ಕೌಂಟಿನಿಂದ ವಿಂಗಡಿಸುವ ಎವೆನ್ಸನ್ ಮಿತಿಗಳ ಪ್ರಕಾರ 15 ಸೆಕೆಂಡಿಗೆ 25ರವರೆಗೆ ಜಡ, 573ರವರೆಗೆ ಹಗುರ, 1002ರವರೆಗೆ ಮಧ್ಯಮ, ಅದರಾಚೆ ತೀವ್ರ. ಹಾಗಾಗಿ ಒಂದು ಭಾಗ ತೀವ್ರ, ಮೂರು ಜಡ. ಅದನ್ನೇ 60 ಸೆಕೆಂಡಿಗೆ ಕೂಡಿಸಿದರೆ 1260. ಮಧ್ಯಮ ಶುರುವಾಗುವ ನಿಮಿಷದ ಮಿತಿ 2296 ಮುಟ್ಟದೆ ಇಡೀ ನಿಮಿಷ 'ಹಗುರ' ಆಗಿಬಿಡುತ್ತದೆ. ಅವಳ ಓಟವೇ ಮಾಯ! ಈ ಮಿತಿಗಳು ಲಂಬ ಅಕ್ಷಕ್ಕೆ, ಅಂದರೆ ಮೇಲೆ ಕೆಳಗಿನ ಚಲನೆಗೆ ಮಾತ್ರ ಸಲ್ಲುತ್ತವೆ, ಮೂರೂ ಅಕ್ಷ ಸೇರಿದ ಸಂಖ್ಯೆಗೆ ಹಚ್ಚಬಾರದು.

ಏಳು ದಿನ ಕಟ್ಟಿಸುತ್ತೇವೆ. ಸತತ 60 ನಿಮಿಷ ಸೊನ್ನೆ ಬಂದರೆ ಬಿಚ್ಚಿಟ್ಟಿದ್ದರು ಎಂದು ಗಣಿಸಿ ತೆಗೆಯುತ್ತೇವೆ. ದಿನಕ್ಕೆ 10 ಗಂಟೆ, ಒಂದು ರಜಾದಿನವೂ ಸೇರಿ 4 ದಿನ ಸಿಕ್ಕರೆ ಮಾತ್ರ ಆ ಮಗುವಿನ ದತ್ತಾಂಶ ಇಟ್ಟುಕೊಳ್ಳುತ್ತೇವೆ.

ಶಕ್ತಿವ್ಯಯಕ್ಕೆ ದೊಡ್ಡವರ ಸೂತ್ರ ಹಚ್ಚುವುದು ನಮ್ಮ ಪ್ರಕಾರ ಅತಿ ದೊಡ್ಡ ತಪ್ಪು. ಸುಮ್ಮನಿದ್ದಾಗ ಕೆ.ಜಿ.ಗೆ ಗಂಟೆಗೆ 1 ಕಿಲೊಕ್ಯಾಲರಿ ಎಂಬುದು ವಯಸ್ಕರ ಲೆಕ್ಕ. ಬೆಳೆಯುವ ಮೈ ಸುಮ್ಮನಿದ್ದಾಗಲೂ ಹೆಚ್ಚು ಉರಿಸುತ್ತದೆ. ಸುಮ್ಮನಿದ್ದಾಗ ದಿನಕ್ಕೆ ಉರಿಯುವ ಕಿಲೊಕ್ಯಾಲರಿಗೆ 10–18ರ ಹುಡುಗರ ಸ್ಕೋಫೀಲ್ಡ್ ಸೂತ್ರ: ತೂಕ × 17.686 + 658.2. ಹುಡುಗಿಯರಿಗೆ ತೂಕ × 13.384 + 692.6. 40 ಕೆ.ಜಿ. ಹುಡುಗನಿಗೆ ದಿನಕ್ಕೆ ಸುಮಾರು 1366, ನಿಮಿಷಕ್ಕೆ 0.95 ಕಿಲೊಕ್ಯಾಲರಿ, ವಯಸ್ಕರ ಲೆಕ್ಕದಲ್ಲಾದರೆ ಬರೀ 0.67. 4 ಮೆಟ್‌ನ, ಅಂದರೆ ಸುಮ್ಮನಿದ್ದಾಗಿನ ನಾಲ್ಕು ಪಟ್ಟು ಶಕ್ತಿ ಬೇಡುವ, ಅರ್ಧ ಗಂಟೆ ನಡಿಗೆಗೆ 114 ಕಿಲೊಕ್ಯಾಲರಿ ಬರಬೇಕಾದಲ್ಲಿ 80 ಬರುತ್ತದೆ. ಮೆಟ್ ಮೌಲ್ಯವನ್ನೂ ಮಕ್ಕಳ ಕೋಷ್ಟಕದಿಂದಲೇ ತೆಗೆದುಕೊಳ್ಳಬೇಕು, ಎರಡನ್ನೂ ಬೆರೆಸಿದರೆ ಅಂಕಿಗೆ ಅರ್ಥವೇ ಇರುವುದಿಲ್ಲ.

ಸೈಕಲ್ ತುಳಿಯುವಾಗ ಸೊಂಟ ಮೇಲೆ ಕೆಳಗೆ ಆಡುವುದಿಲ್ಲ, ಯಂತ್ರಕ್ಕೆ ಅದು ಕೂತಂತೆಯೇ ಕಾಣುತ್ತದೆ. ಬೆನ್ನಿನ ಪುಸ್ತಕದ ಹೊರೆಯೂ, ತಲೆ ಮೇಲಿನ ಕೊಡವೂ ಅದಕ್ಕೆ ತಿಳಿಯದು. ಅದಕ್ಕೇ ಮಕ್ಕಳ ಕೈಗೆ ಒಂದು ಚೀಟಿ ಕೊಡುತ್ತೇವೆ: ಸೈಕಲ್ ಹತ್ತಿದ್ದು ಎಷ್ಟು ಗಂಟೆಗೆ, ಇಳಿದದ್ದು ಎಷ್ಟು ಗಂಟೆಗೆ, ಈಜಲು ಬಿಚ್ಚಿಟ್ಟದ್ದು ಯಾವಾಗ. ಆ ನಿಮಿಷಗಳಲ್ಲಿ ಯಂತ್ರದ ಅಂಕಿ ಬಿಟ್ಟು ಮಕ್ಕಳ ಕೋಷ್ಟಕದ ಮೆಟ್ ಮೌಲ್ಯ ತುಂಬುತ್ತೇವೆ.